ಗಂಟಕ್ಕನ ಮಾಸ್ಕು

ಚಾದರದ ಎರಡು ಮೂಲೆ ನನ್ನ ಕೈಯಲ್ಲಿದ್ದವು, ಇನ್ನೆರಡು ನನ್ನ ನಾದಿನಿಯ ಕೈಯಲ್ಲಿ. ಲಾಡ್ಜಿನ ಜೋಡಿ ಮಂಚದ ಚಾದರ ಅದು, ಒಬ್ಬರಿಂದ ಮಡಚಲಾಗದು. ಎರಡೂ ಕಡೆಯಿಂದ ಜಗ್ಗಿ, ಉದ್ದಕ್ಕೆ ಅರ್ಧ ಮಾಡಿ, ಆಮೇಲೆ ಇಬ್ಬರೂ ಎದುರುಬದುರು ನಡೆದು ಬಂದು ತುದಿ ಕೂಡಿಸುವುದು ನಮ್ಮ ಕ್ರಮ. ನಾನು ನಡೆದೆ. ಆಕೆ ನಡೆಯಲಿಲ್ಲ. ನೋಡಿದರೆ ನಿಂತ ನಿಲುವಿನಲ್ಲೇ ಕಣ್ಣು ಮುಚ್ಚಿದ್ದಾಳೆ, ಬಾಯಿ ಅರೆ ತೆರೆದಿದೆ, ಬೆರಳು ಮಾತ್ರ ಮೂಲೆಗಳನ್ನು ಬಿಟ್ಟಿಲ್ಲ.

"ಏ, ಎದ್ದೇಳು."

"ಎದ್ದೇ ಇದ್ದೀನಲ್ಲ ಅತ್ತಿಗೆ" ಅಂದಳು, ಕಣ್ಣು ಬಿಡದೆ.

"ಕಾಲು ಎದ್ದಿದೆ. ಮಿಕ್ಕಿದ್ದೆಲ್ಲ ಮಲಗಿದೆ."

ಅವಳು ನಕ್ಕು ಕಣ್ಣು ಬಿಟ್ಟಳು. ನನಗೆ ಮಾತ್ರ ನಗು ಬರಲಿಲ್ಲ. ಹಿಂದಿನ ವಾರವಷ್ಟೇ ಇಸ್ತ್ರಿ ಮಾಡುತ್ತ ತೂಕಡಿಸಿ, ದಂತವೈದ್ಯರ ಬಿಳಿ ಕೋಟಿನ ಬೆನ್ನಿಗೆ ಇಸ್ತ್ರಿಪೆಟ್ಟಿಗೆಯ ಕಂದು ಅಚ್ಚು ಒತ್ತಿಬಿಟ್ಟಿದ್ದಳು. ದಂತವೈದ್ಯರು ಒಳ್ಳೆಯವರು, ಬೆನ್ನಲ್ಲವೇ, ರೋಗಿಗಳಿಗೆ ಕಾಣುವುದಿಲ್ಲ ಎಂದರು. ಆ ಪೆಟ್ಟಿಗೆ ಕೈಮೇಲೆ ಕೂತಿದ್ದರೆ ಏನು ಗತಿ ಎಂದು ನಾನು ನೆನೆನೆನೆದು ನಡುಗಿದ್ದೆ.

ನಮ್ಮದು ಬಟ್ಟೆ ಒಗೆದುಕೊಡುವ ಅಂಗಡಿ. ಬೀದಿಗೆ ಮುಖಮಾಡಿದ ಮುಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರಗಳು, ಅದರಾಚೆ ನಾವಿಬ್ಬರು ಇರುವ ಮನೆ. ನನ್ನ ಗಂಡ ಶುರು ಮಾಡಿದ್ದು. ಅವರು ಹೋದ ಮೇಲೆ ಅವರ ತಂಗಿ ಮತ್ತು ನಾನು ನಡೆಸಿಕೊಂಡು ಬಂದಿದ್ದೇವೆ. ಒಗೆಯುವುದು ನನ್ನ ಪಾಲು, ಇಸ್ತ್ರಿ ಇಬ್ಬರದೂ. ಮೂಟೆ ಕಟ್ಟುವುದು ಅವಳ ಪಾಲು. ಮೂಟೆಯ ಮೇಲೆ ಮೊಣಕಾಲೂರಿ, ಹಲ್ಲುಕಚ್ಚಿ, ಬಟ್ಟೆಯ ಕಿವಿಗಳನ್ನು ಜಗ್ಗಿ ಅವಳು ಬಿಗಿದಳೆಂದರೆ ಆ ಮೂಟೆಯನ್ನು ಮಹಡಿಯಿಂದ ಎಸೆದರೂ ಬಿಚ್ಚಿಕೊಳ್ಳದು. ಲಾಡ್ಜಿನವರು ಅದನ್ನು ಬಿಚ್ಚಲು ಮುಳ್ಳುಚಮಚ ಇಟ್ಟುಕೊಂಡಿದ್ದಾರಂತೆ. ಅವರೇ ಅವಳಿಗೆ ಗಂಟಕ್ಕ ಎಂದು ಹೆಸರಿಟ್ಟವರು. ಈಗ ಇಡೀ ಬೀದಿಗೆ ಅವಳು ಗಂಟಕ್ಕ.

ಅವಳ ಗೊರಕೆಯೂ ಇಡೀ ಬೀದಿಗೆ ಗೊತ್ತು. ಮೇಲಿನ ಮಹಡಿಯ ಬಾಡಿಗೆದಾರರು ಒಬ್ಬರಾದ ಮೇಲೊಬ್ಬರು ಕೋಲಿನಿಂದ ನೆಲ ಕುಟ್ಟಿ ಕುಟ್ಟಿ ಸುಸ್ತಾಗಿ ಮನೆ ಬದಲಾಯಿಸಿದ್ದರು. ನನಗೇನೋ ಅಭ್ಯಾಸವಾಗಿಬಿಟ್ಟಿತ್ತು. ಅವಳೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಹಚ್ಚಿಕೊಂಡದ್ದು ಬೋರ್ಡಿನವರ ಕಾಗದ ಬಂದ ಮೇಲೆ.

ಬೋರ್ಡಿನವರೆಂದರೆ ಅಂಗಡಿಗಳಿಗೆ ಹೆಸರಿನ ಹಲಗೆ ಬರೆಯುವವರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ವಾರಕ್ಕೊಮ್ಮೆ ಬಣ್ಣ ಮೆತ್ತಿದ ಅಂಗಿ ತಂದುಕೊಟ್ಟು, "ಈ ಕಲೆ ಹೋಗುತ್ತಾ?" ಎಂದು ಗಂಟಕ್ಕನನ್ನು ಕೇಳುವರು. "ಕಲೆ ಹೋದರೆ ಅಂಗಿಯೂ ಹೋಗುತ್ತೆ" ಎಂದು ಇವಳು ಹೇಳುವಳು. ಅಷ್ಟಕ್ಕೇ ಇಬ್ಬರೂ ನಗುವರು, ಒಂದು ಲೋಟ ಚಹಾ ಆರುವಷ್ಟು ಹೊತ್ತು. ಆಮೇಲೆ ಬೇರೆ ಊರಿನಲ್ಲಿ ಹೆಚ್ಚು ಕೆಲಸ ಸಿಕ್ಕಿ ಅವರು ಹೊರಟುಹೋದರು. ಹೋದ ಸ್ವಲ್ಪ ಕಾಲಕ್ಕೆ ಕಾಗದ ಬಂತು.

ಬೇರೆಯವರ ಕಾಗದ ಓದುವ ಚಾಳಿ ನನಗಿಲ್ಲ. ಆದರೆ ಆ ಮನುಷ್ಯ ಜೀವಮಾನವೆಲ್ಲ ಹಲಗೆ ಬರೆದವರು. ಒಂದೊಂದು ಅಕ್ಷರವೂ ದ್ರಾಕ್ಷಿ ಗಾತ್ರ. ಗಂಟಕ್ಕ ಕಿಟಕಿಯ ಬಳಿ ಕಾಗದ ಬಿಡಿಸಿ ಹಿಡಿದಿದ್ದಳು, ನಾನು ಕೋಣೆಯ ಈ ಕಡೆ ಗುಂಡಿ ಹೊಲಿಯುತ್ತಿದ್ದೆ, ಬೇಡವೆಂದರೂ ಓದಿಸಿಕೊಂಡಿತು. ನೀವು ಒಪ್ಪಿದರೆ ನೋಂದಣಿ ಕಚೇರಿಯಲ್ಲಿ ಸಹಿ ಹಾಕೋಣ. ನೀವು ಇಲ್ಲಿಗೆ ಬಂದರೂ ಸರಿ, ನಾನು ಅಲ್ಲಿಗೆ ಬಂದರೂ ಸರಿ. ನನ್ನ ಕುಂದುಗಳನ್ನು ಮೊದಲೇ ಹೇಳಿಬಿಡುತ್ತೇನೆ: ಮಂಡಿ ನೋವಿದೆ, ಮೈಗೆ ಟರ್ಪೆಂಟೈನ್ ವಾಸನೆ ಹತ್ತಿದೆ, ನಿದ್ದೆ ಬಹಳ ತೆಳು, ಎಲೆ ಬಿದ್ದರೂ ಎಚ್ಚರವಾಗುತ್ತದೆ. ಫೋನಿನಲ್ಲಿ ಕೇಳಿದರೆ ನೀವು ನಿಂತಲ್ಲೇ ಉತ್ತರ ಹೇಳಬೇಕಾಗುತ್ತದೆ, ಅದಕ್ಕೇ ಕಾಗದ. ನಿಧಾನವಾಗಿ ಯೋಚಿಸಿ.

"ಓದಿದಿರಾ?" ಎಂದಳು.

"ಬೀದಿಯ ಆ ಕಡೆ ಬೇಕರಿಯವರೂ ಓದಿರ್ತಾರೆ. ಕಿಟಕಿ ಹಾಕು."

ಅವಳ ಮುಖದಲ್ಲಿ ಒಂದು ಬೆಳಕು ಬಂದು, ಹಾಗೇ ಆರಿತು. "ಎಲೆ ಬಿದ್ದರೆ ಏಳ್ತಾರಂತೆ ಅತ್ತಿಗೆ. ನನ್ನ ಪಕ್ಕದಲ್ಲಿ ಮಲಗಿದರೆ ಮನೆ ಬಿದ್ದ ಹಾಗಾಗುತ್ತೆ."

ಒಪ್ಪಿಗೆ ಅವಳ ಮನಸ್ಸಿನಲ್ಲಿತ್ತು. ಅದನ್ನು ಬರೆಯಲು ಈ ಗೊರಕೆ ಬಿಡಲಿಲ್ಲ. ಗೊರಕೆ ಹೋಗಲಿ, ಬರೆಯುತ್ತೇನೆ ಎಂದಳು. ಎಡಗಡೆ ಮಲಗಿದಳು, ಬಲಗಡೆ ಮಲಗಿದಳು, ದಿಂಬು ಎತ್ತರಿಸಿದಳು, ದಿಂಬು ಬಿಟ್ಟಳು. ಗೊರಕೆ ಹೋಗಲಿಲ್ಲ, ಉತ್ತರವೂ ಹೋಗಲಿಲ್ಲ. ಮಳೆಗಾಲ ಹೋಗಿ ಚಳಿಗಾಲ ಬಂತು. ಅಷ್ಟರಲ್ಲಿ ಕೋಟಿನ ಅಚ್ಚು, ಚಾದರ ಹಿಡಿದು ನಿಂತಲ್ಲೇ ನಿದ್ದೆ. ಇನ್ನು ತಡೆಯಲಾಗದೆಂದು ಆ ಚಾದರವನ್ನು ಅರ್ಧ ಮಡಚಿದಲ್ಲಿಗೇ ಬಿಟ್ಟು, ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ಅವಳನ್ನು ಬಿಟ್ಟು ನನ್ನನ್ನೇ ಕೇಳಿದರು. "ಗೊರಕೆ ಒಂದೇ ಸಮ ಇರುತ್ತಾ, ಮಧ್ಯೆ ನಿಲ್ಲುತ್ತಾ?"

"ನಿಲ್ಲುತ್ತೆ. ಸ್ವಲ್ಪ ಹೊತ್ತು ಸದ್ದೇ ಇರಲ್ಲ. ಆಮೇಲೆ ನೀರಲ್ಲಿ ಮುಳುಗಿ ಎದ್ದವಳ ಹಾಗೆ ಗಬಕ್ಕನೆ ಉಸಿರು ಎಳೀತಾಳೆ. ಪಾಪ, ಗೊರಕೆಯಿಂದ ಸುಧಾರಿಸಿಕೊಳ್ತಾಳೆ ಅಂದುಕೊಂಡಿದ್ದೆ."

"ಅದು ಸುಧಾರಿಸಿಕೊಳ್ಳೋದಲ್ಲಮ್ಮ, ಉಸಿರು ನಿಲ್ಲೋದು."

ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ, ತಲೆಗೆ ಎದೆಗೆ ತಂತಿ ಅಂಟಿಸಿ ನೋಡಿದರು. ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎಂದು ಹೆಸರು. ನಿದ್ದೆ ಹತ್ತಿದೊಡನೆ ಗಂಟಲು ಸಡಿಲವಾಗಿ ದಾರಿ ಮುಚ್ಚಿಕೊಳ್ಳುತ್ತದೆ, ಜೀವ ಹೆದರಿ ಎಬ್ಬಿಸುತ್ತದೆ, ಮತ್ತೆ ನಿದ್ದೆ, ಮತ್ತೆ ಮುಚ್ಚು. ರಾತ್ರಿಯೆಲ್ಲ ಇದೇ ಆಟ. ನೆನಪಿರುವುದಿಲ್ಲ, ಅಷ್ಟೆ. "ಅಂದರೆ ನಾನು ಇಷ್ಟು ವರ್ಷ ಮಲಗೇ ಇಲ್ಲ" ಎಂದಳು ಗಂಟಕ್ಕ, ಯಾರೋ ತನಗೆ ಮೋಸ ಮಾಡಿದ ಹಾಗೆ.

ಔಷಧಿ ಇಲ್ಲ, ಯಂತ್ರ ಕೊಟ್ಟರು. ಸಿಪ್ಯಾಪ್ ಅಂತ. ರೊಟ್ಟಿ ಡಬ್ಬಿಯಷ್ಟಿದೆ, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗಿನ ಮೇಲೆ ಕೂರುವ ಮೆತ್ತನೆಯ ಮಾಸ್ಕು, ಅದನ್ನು ತಲೆಗೆ ಕಟ್ಟಲು ಪಟ್ಟಿಗಳು. ಗಾಳಿಯನ್ನು ಒತ್ತಿ ಒಳಗೆ ಕಳಿಸಿ ಗಂಟಲಿನ ದಾರಿ ತೆರೆದೇ ಇಡುತ್ತದೆ. ತೋರಿಸಿಕೊಟ್ಟವರು ಒಬ್ಬ ತಂತ್ರಜ್ಞೆ, ಚೂಟಿ ಹೆಂಗಸು.

"ದಿನಾ ಮಾಸ್ಕನ್ನ ಸೋಪುನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು" ಎಂದರು.

"ಅದನ್ನ ನಮಗೆ ಬಿಡಿ" ಎಂದೆ.

"ಎಷ್ಟು ದಿನದ ಕೋರ್ಸು ಮೇಡಂ?" ಎಂದು ಗಂಟಕ್ಕ ಕೇಳಿದಳು. ಮನಸ್ಸಿನಲ್ಲೇ ಅವಳು ಉತ್ತರದ ತಾರೀಕು ಗೊತ್ತು ಮಾಡುತ್ತಿದ್ದುದು ನನಗೆ ಕಾಣುತ್ತಿತ್ತು.

"ಕೋರ್ಸು ಅಂತ ಇಲ್ಲಮ್ಮ. ಕನ್ನಡಕ ಹಾಕ್ಕೋತೀರಲ್ಲ, ಹಾಗೆ. ಮಲಗಿದಾಗೆಲ್ಲ ಹಾಕ್ಕೋಬೇಕು. ಯಾವಾಗಲೂ."

ಬರುವಾಗ ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಮ್ಮ ಬೀದಿ ಹತ್ತಿರವಾದಾಗ, "ಹೊಸ ಹೆಂಡತಿ ಹಾಸಿಗೆಗೆ ಹೀಗೆ ಬರೋದಾ ಅತ್ತಿಗೆ? ಬೆಂಕಿ ಆರಿಸೋರ ಹಾಗೆ?" ಎಂದಳು.

"ಬೋರ್ಡಿನವರಿಗೂ ವಯಸ್ಸಾಗಿದೆ. ಅವರೂ ಹಲ್ಲಿನ ಸೆಟ್ಟು ಬಿಚ್ಚಿಟ್ಟು ಮಲಗೋರೇ."

"ಅವರ ಹಲ್ಲು ಅವರದೇ. ನಾನು ನೋಡಿದೀನಿ."

"ಓಹೋ, ಅಷ್ಟು ಒಳಗೆ ನೋಡಿದೀಯ."

ಅವಳು ಕಿಟಕಿಯ ಕಡೆ ತಿರುಗಿದಳು. ಬೆನ್ನು ನಗುತ್ತಿತ್ತು.

ಶುರುವಿನ ದಿನಗಳು ದೇವರಿಗೇ ಪ್ರೀತಿ. ಗಂಟಕ್ಕನಿಗೆ ಪಟ್ಟಿ ಎಂದು ಏನು ಸಿಕ್ಕರೂ ಅದನ್ನು ಜಗ್ಗುವುದೊಂದೇ ಗೊತ್ತು. ಮಂಚದ ಮೇಲೆ ಕೂತು, ಹಲ್ಲುಕಚ್ಚಿ, ಲಾಡ್ಜಿನ ಮೂಟೆ ಬಿಗಿದಂತೆ ತನ್ನ ತಲೆಯನ್ನು ಬಿಗಿದುಕೊಂಡಳು. ಮೊಣಕಾಲೂರಲು ಆಗಲಿಲ್ಲ, ಅಷ್ಟೇ ಕಡಿಮೆ. ಯಂತ್ರ ಹಚ್ಚಿದೊಡನೆ ಮಾಸ್ಕಿನ ಅಂಚಿನಿಂದ ಪುಸ್ ಪುಸ್ ಎಂದು ಗಾಳಿ ಸೋರಿ ಕಣ್ಣಿಗೆ ಹೊಡೆಯಿತು. ಸೋರಿತಲ್ಲ ಎಂದು ಇನ್ನಷ್ಟು ಬಿಗಿದಳು. ಇನ್ನಷ್ಟು ಸೋರಿತು. ಬೆಳಗಾಗುವ ಹೊತ್ತಿಗೆ ಮಾಸ್ಕು ಮಂಚದ ಕೆಳಗೆ, ಇವಳು ಗೋಡೆಗೆ ಮುಖ ಮಾಡಿ ಹಳೆಯ ರಾಗದಲ್ಲಿ ಗೊರೆಯುತ್ತ. ಕೆನ್ನೆಯ ಮೇಲೆ ಎರಡು ಕೆಂಪು ಗೆರೆ, ಮೂಗಿನ ಮೇಲೊಂದು.

ಬಟ್ಟೆ ಒಯ್ಯಲು ಬಂದ ಲಾಡ್ಜಿನ ಮ್ಯಾನೇಜರು ಮುಖ ನೋಡಿ, "ಯಾರ ಜೊತೆ ಜಗಳ ಗಂಟಕ್ಕ?" ಎಂದರು.

"ಗಾಳಿ ಜೊತೆ."

"ಗೆದ್ದೋರು ಯಾರು?"

"ನೋಡಿದರೆ ಗೊತ್ತಾಗಲ್ವಾ?"

ತಂತ್ರಜ್ಞೆಗೆ ಫೋನು ಮಾಡಿದೆವು. ಅವರು ಹೇಳಿದ್ದು ಎರಡೇ ಮಾತು: ಪಟ್ಟಿ ಸಡಿಲ ಮಾಡಿ, ಹಗಲಲ್ಲಿ ಎದ್ದಿರುವಾಗಲೇ ಹಾಕಿಕೊಂಡು ಅಭ್ಯಾಸ ಮಾಡಿ. ಎರಡನೆಯದನ್ನು ಗಂಟಕ್ಕ ಒಪ್ಪಿದಳು. ಮೊದಲನೆಯದನ್ನು ಕೇಳಿ, "ಸಡಿಲ ಮಾಡಿದರೆ ನಿಲ್ಲೋದು ಹೇಗೆ? ಅವರಿಗೆ ಅನುಭವ ಸಾಲದು" ಎಂದುಬಿಟ್ಟಳು.

ಹಾಗೆ ಮಧ್ಯಾಹ್ನದ ಹೊತ್ತು ಹಿಂದಿನ ಕೋಣೆಯಲ್ಲಿ ಯಂತ್ರ ಹಚ್ಚಿಕೊಂಡು, ಮೂಗಿಗೆ ಮಾಸ್ಕು ಏರಿಸಿ, ಹರಿದ ದಿಂಬುಚೀಲಗಳನ್ನು ಹೊಲಿಯುತ್ತ ಕೂರತೊಡಗಿದಳು. ಆ ಮಾಸ್ಕಿಗೆ ಒಂದು ಗುಣವಿದೆ. ಬಾಯಿ ತೆರೆದರೆ ಮೂಗಿನಿಂದ ಹೋದ ಗಾಳಿಯೆಲ್ಲ ಬಾಯಿಂದ ಭುಸ್ಸೆಂದು ಹೊರಗೆ ನುಗ್ಗುತ್ತದೆ, ಮಾತು ಅದರಲ್ಲಿ ಕೊಚ್ಚಿಹೋಗುತ್ತದೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಆಡಿದ ಯಾವ ಮಾತಿಗೂ ಎದುರುತ್ತರ ಕೊಡದೆ ಬಿಟ್ಟವಳಲ್ಲ ನನ್ನ ನಾದಿನಿ. ಈಗ ಸಿಕ್ಕಳು.

"ನಿನ್ನೆ ನೀನು ಚಹಾಕ್ಕೆ ಸಕ್ಕರೆ ಹಾಕೋದು ಮರೆತಿದ್ದೆ" ಎಂದೆ.

ಅವಳು ಕಣ್ಣರಳಿಸಿದಳು.

"ಕಿಟಕಿ ಗಾಜು ಒರೆಸಿದ್ದು ಅಷ್ಟಕ್ಕಷ್ಟೆ. ಆ ನೀಲಿ ಸೀರೆ ನಿನಗೆ ಒಪ್ಪಲ್ಲ, ಹೇಳೋಣ ಹೇಳೋಣ ಅಂತಿದ್ದೆ."

ಸೂಜಿಯನ್ನು ನನ್ನತ್ತ ಚಾಚಿ ಏನೋ ಹೇಳಹೋದಳು. ಭುಸ್ ಎಂದಿತು. ನಾನು ಹೊಟ್ಟೆ ಹಿಡಿದು ನಕ್ಕೆ. ಅವಳೂ ನಕ್ಕಳು, ಅದೂ ಭುಸ್ ಎಂದಿತು. ಆಮೇಲೆ ಮಾಸ್ಕು ತೆಗೆದು, ಬಾಕಿಯಿದ್ದ ಉತ್ತರಗಳನ್ನೆಲ್ಲ ಸಾಲಾಗಿ ಕೊಟ್ಟು ಮುಗಿಸಿಯೇ ಎದ್ದಳು.

ಹಗಲಿನ ಅಭ್ಯಾಸದಿಂದ ಭಯ ಹೋಯಿತು, ಸೋರುವುದು ಹೋಗಲಿಲ್ಲ. ಗೆರೆಗಳು ಕೆಂಪಿನಿಂದ ನೀಲಿಗೆ ತಿರುಗಿದವು. ಒಂದು ಬೆಳಿಗ್ಗೆ ಯಂತ್ರವನ್ನು ಅದರ ಚೀಲದೊಳಗಿಟ್ಟು ಜಿಪ್ಪು ಎಳೆದಳು. "ವಾಪಸು ಕೊಟ್ಟುಬಿಡೋಣ ಅತ್ತಿಗೆ. ಬೋರ್ಡಿನವರಿಗೂ ಆಗಲ್ಲ ಅಂತ ಬರೆದುಹಾಕ್ತೀನಿ. ಇಷ್ಟು ದಿನ ಕಾಯಿಸಿದ್ದೇ ತಪ್ಪು."

ಮದುವೆಯಾಗು ಎಂದರೆ ತನ್ನನ್ನು ಕಳಿಸಲು ನೋಡುತ್ತಾರೆ ಎಂದುಕೊಂಡಾಳು, ಬೇಡ ಎಂದರೆ ಕೆಲಸಕ್ಕೆ ಕೈ ಬೇಕು ಅದಕ್ಕೇ ಎಂದುಕೊಂಡಾಳು. ಒಣಗಿದ ಚಾದರಗಳ ಬುಟ್ಟಿ ಎತ್ತಿಕೊಂಡು, "ಬಾ, ಹೊಸ ಗಾದಿಗೆ ಹಾಸಿ ಅಳತೆ ನೋಡಬೇಕಂತೆ" ಎಂದೆ.

ಲಾಡ್ಜಿನವರು ಹೊಸ ಗಾದಿ ತರಿಸಿ, ನಮ್ಮಲ್ಲಿರುವ ಹಳೆಯ ಚಾದರ ಅದಕ್ಕೆ ಸಾಕಾಗುತ್ತದೆಯೇ ನೋಡಿ ಎಂದು ಒಂದು ಗಾದಿಯನ್ನು ನಮ್ಮಲ್ಲಿಗೇ ಕಳಿಸಿದ್ದರು. ನಾನು ಈ ಕಡೆ, ಅವಳು ಆ ಕಡೆ. ಅವಳು ಬೇಸರದಲ್ಲಿದ್ದಳಲ್ಲ, ಚಾದರದ ತುದಿಯನ್ನು ಗಾದಿಗೆ ಒತ್ತಿ ಹಿಡಿದು ಎಳೆದಳು. ನಡುವೆ ಪಟಪಟನೆ ಸುಕ್ಕು ಎದ್ದವು. ಇನ್ನಷ್ಟು ಎಳೆದಳು, ಇನ್ನಷ್ಟು ಎದ್ದವು.

"ಇದೇನು, ಹೊಸದಾಗಿ ಕಲಿಯೋರ ಹಾಗೆ? ಎತ್ತಿ ಕೊಡವು. ಗಾಳಿ ತುಂಬಲಿ, ತಾನೇ ಕೂರುತ್ತೆ."

ಎತ್ತಿ ಕೊಡವಿದೆವು. ಚಾದರ ಬುಗ್ಗೆಂದು ಉಬ್ಬಿ, ಗಾಳಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು, ನಿಧಾನವಾಗಿ ನಾಲ್ಕೂ ಮೂಲೆಗೆ ಇಳಿಯಿತು. ಒಂದು ಸುಕ್ಕಿಲ್ಲ. ಗಂಟಕ್ಕ ಅದನ್ನೇ ನೋಡುತ್ತ ನಿಂತಳು. ಮತ್ತೆ ತೂಕಡಿಕೆಯೇನೋ ಎಂದು ನಾನು ಕೂಗುವುದರಲ್ಲಿದ್ದೆ.

"ಅತ್ತಿಗೆ," ಎಂದಳು, "ಆ ಮಾಸ್ಕಿನ ಅಂಚೂ ಎರಡು ಪದರ ಇದೆ. ಒಳಗೆ ಗಾಳಿ ತುಂಬಿಕೊಳ್ಳೋಕೆ."

"ಇದೆ."

"ನಾನು ಅದನ್ನ ಮೂಟೆ ಮಾಡ್ತಿದ್ದೆ."

ಚಾದರ ಅಲ್ಲೇ ಬಿಟ್ಟು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಚೀಲದ ಜಿಪ್ಪು ತೆಗೆದು ಯಂತ್ರ ಹಚ್ಚಿ, ಮಂಚದ ಮೇಲೆ ಉದ್ದಕ್ಕೆ ಮಲಗಿ, ಎಲ್ಲ ಪಟ್ಟಿಗಳನ್ನೂ ಸಡಿಲಿಸಿದಳು. ಅವಳ ಬೆರಳು ಸಡಿಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾಸ್ಕನ್ನು ಮೂಗಿನಿಂದ ತುಸು ಎತ್ತಿ ಹಿಡಿದಳು, ಗಾಳಿ ತುಂಬಿ ಅಂಚು ಉಬ್ಬಿತು, ಮೆಲ್ಲಗೆ ಬಿಟ್ಟಳು. ಕೂತಿತು. ಪುಸ್ ಇಲ್ಲ, ಸೀಟಿ ಇಲ್ಲ. ಪಟ್ಟಿಯ ಕೆಳಗೆ ನನ್ನ ಎರಡು ಬೆರಳು ಸಲೀಸಾಗಿ ಹೋದವು. ಅವಳು ಹೆಬ್ಬೆರಳು ಎತ್ತಿ ತೋರಿಸಿದಳು, ಬಾಯಿ ಮಾತ್ರ ಬಿಡಲಿಲ್ಲ. ಹಾಗೇ ನಿದ್ದೆ ಹೋದಳು. ಮಧ್ಯಾಹ್ನದ ಬಟ್ಟೆಯನ್ನೆಲ್ಲ ನಾನೊಬ್ಬಳೇ ಇಸ್ತ್ರಿ ಮಾಡಿದೆ.

ಆ ದಿನದಿಂದ ತೊಂದರೆ ಶುರುವಾದದ್ದು ನನಗೆ. ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದೇ ಇಲ್ಲ. ಯಂತ್ರದ್ದು ಫ್ಯಾನಿನ ಉಸಿರಿನಷ್ಟೇ ಶಬ್ದ. ಬದುಕಿದ್ದಾಳೋ ಇಲ್ಲವೋ ಎಂದು ನಾನು ಎದ್ದೆದ್ದು ನೋಡಿ ಬರುತ್ತಿದ್ದೆ. ಬೆಳಿಗ್ಗೆ ನಾನು ತೂಕಡಿಸಿದರೆ ಅವಳು, "ಏನತ್ತಿಗೆ, ಕಾಲು ಮಾತ್ರ ಎದ್ದಿದೆಯಾ?" ಎನ್ನುವಳು. ಮೈಯಲ್ಲಿ ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ ಅಷ್ಟು ಹುರುಪು. ಯಂತ್ರಗಳ ಹಿಂದಿನ ಧೂಳು ಹೊಡೆದಳು, ಕಪಾಟು ಬಣ್ಣ ಬಳಿದಳು, ಮೂಟೆ ಕಟ್ಟುತ್ತ ಹಾಡು ಹೇಳಿದಳು. ಆ ಹಾಡಿಗಿಂತ ಗೊರಕೆಯೇ ವಾಸಿ ಎಂದೆ.

ಕಡೆಗೆ ಒಂದು ಸಂಜೆ ಅಂಗಡಿ ಮುಚ್ಚಿ ಉತ್ತರ ಬರೆಯಲು ಕೂತಳು. ಬರೆದು ನನಗೆ ಓದಿ ಹೇಳಿದಳು. ಒಪ್ಪಿದ್ದೇನೆ ಎಂದಿತ್ತು, ಆರೋಗ್ಯ ಚೆನ್ನಾಗಿದೆ ಎಂದಿತ್ತು, ಹವೆ ಚೆನ್ನಾಗಿದೆ ಎಂದಿತ್ತು.

"ಯಂತ್ರ ಎಲ್ಲಿ?" ಎಂದೆ.

"ಅದನ್ನ ಯಾಕೆ ಬರೆಯೋದು? ಅವರು ಮಲಗಿದ ಮೇಲೆ ಹಾಕ್ಕೋತೀನಿ. ಏಳೋ ಮುಂಚೆ ತೆಗೆದಿಡ್ತೀನಿ."

"ಎಲೆ ಬಿದ್ದರೆ ಏಳೋ ಮನುಷ್ಯ. ಕತ್ತಲಲ್ಲಿ ಕಣ್ಣು ಬಿಟ್ಟು ಪಕ್ಕದಲ್ಲಿ ನಿನ್ನನ್ನ ನೋಡಿದರೆ ಎದೆ ನಿಂತುಹೋದೀತು. ನೋಂದಣಿ ಮಾಡಿಸಿದ ಕಚೇರಿಗೇ ಮತ್ತೆ ಹೋಗಬೇಕಾಗುತ್ತೆ, ಬೇರೆ ಕಿಟಕಿಗೆ."

"ನೀವು ಬಿಡ್ತೂ ಅನ್ನಿ."

"ಅವರು ತಮ್ಮ ಕುಂದನ್ನೆಲ್ಲ ದ್ರಾಕ್ಷಿಯಷ್ಟು ದೊಡ್ಡದಾಗಿ ಬರೆದರು. ನೀನು ಸಾಸಿವೆಯಷ್ಟೂ ಬರೆಯಲ್ವಾ? ಇದನ್ನ ನೋಡಿ ಬೇಡ ಅನ್ನೋರಾದರೆ ಈಗಲೇ ಅನ್ನಲಿ."

ಅವಳು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು. ಕಾಗದವನ್ನು ಮಡಚಿ ಹರಿದಳು. ಎದ್ದು ಒಳಗೆ ಹೋದಳು. ಮುನಿಸೇನೋ ಎಂದುಕೊಂಡೆ. ಬಂದಳು: ತಲೆ ಬಾಚಿದ್ದಾಳೆ, ಆ ನೀಲಿ ಸೀರೆಯನ್ನೇ ಉಟ್ಟಿದ್ದಾಳೆ, ಮೂಗಿನ ಮೇಲೆ ಮಾಸ್ಕು, ಕೊಳವೆ ಹೆಗಲ ಮೇಲಿಂದ ಸೆರಗಿನಂತೆ ಇಳಿದಿದೆ.

"ಫೋಟೋ ತೆಗೀರಿ" ಎಂದಳು. ಯಂತ್ರ ಹಚ್ಚಿರಲಿಲ್ಲವಾದ್ದರಿಂದ ಮಾತು ಬಂತು, ಮೂಗಿನಿಂದ. "ಹೇಗೂ ಒಂದು ದಿನ ನೋಡೋರೇ. ಚೆನ್ನಾಗಿ ಕಾಣೋ ಹಾಗೆ ತೆಗೀರಿ."

ಮಾರನೆಯ ದಿನ ಮೂಲೆಯ ಅಂಗಡಿಯಲ್ಲಿ ಅದನ್ನು ಪ್ರಿಂಟು ಹಾಕಿಸಿದೆವು. ಅಂಗಡಿಯಾತ ಒಮ್ಮೆ ಚಿತ್ರ ನೋಡಿದ, ಒಮ್ಮೆ ಅವಳನ್ನು ನೋಡಿದ. "ಅಕ್ಕ, ವಿಮಾನ ಓಡಿಸ್ತೀರಾ?"

"ಓಡಿಸ್ತೀನಿ. ರಾತ್ರಿ ಮಾತ್ರ" ಎಂದಳು.

ಹೊಸ ಕಾಗದವನ್ನು ಅಂಗಡಿಯ ಮೇಜಿನ ಬಳಿ ನಿಂತೇ ಬರೆದಳು. ಒಪ್ಪಿದ್ದೇನೆ. ಚಿತ್ರ ಲಗತ್ತಿಸಿದೆ, ನಾನು ಮಲಗುವುದು ಹೀಗೆ, ಇನ್ನು ಮುಂದೆಯೂ ಹೀಗೆ. ಇದಿಲ್ಲದಿದ್ದರೆ ನನ್ನ ಗೊರಕೆಗೆ ನಿಮ್ಮ ಎಲೆ ಯಾವ ಲೆಕ್ಕಕ್ಕೂ ಇಲ್ಲ. ಇದರ ಸದ್ದು ಬಹಳ ಕಡಿಮೆ, ಆದರೂ ನೀವು ಒಂದು ರಾತ್ರಿ ಕೇಳಿ ನೋಡಿ ಹೇಳಬೇಕು. ನೀವೇ ಇಲ್ಲಿಗೆ ಬನ್ನಿ. ಹಾಸಿಗೆಯ ಹತ್ತಿರ ಪ್ಲಗ್ ಇದೆ. ಅತ್ತಿಗೆ ಒಪ್ಪಿದ್ದಾರೆ.

ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಒಪ್ಪುತ್ತಿದ್ದೆ, ಅದು ಬೇರೆ ಮಾತು.

ಅಂಚೆಪೆಟ್ಟಿಗೆ ಇರುವುದು ಬೇಕರಿಯ ಪಕ್ಕದಲ್ಲಿ. ನಾವು ಹೋದಾಗ ಅಂಚೆಯ ಹೆಂಗಸು ಪೆಟ್ಟಿಗೆಯ ಬಾಗಿಲು ತೆಗೆದು ಕಾಗದಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಗಂಟಕ್ಕ ಲಕೋಟೆ ಚಾಚಿದಳು. ಅವರು ಹಿಡಿದರು. ಇವಳು ಬಿಡಲಿಲ್ಲ.

"ಹಾಕ್ತೀರೋ ಇಲ್ವೋ ಅಮ್ಮ? ಗಾಡಿ ಕಾಯ್ತಿದೆ."

"ಒಂದು ನಿಮಿಷ. ವಿಳಾಸ ಸರಿಯಾಗಿದೆಯಾ ನೋಡಿ."

ಅವರು ಲಕೋಟೆಯನ್ನು ಇವಳ ಕೈಯಲ್ಲಿರುವಂತೆಯೇ ಓರೆ ಮಾಡಿ ಓದಿದರು. "ಸರಿಯಾಗಿದೆ. ಒಳಗೇನೋ ದಪ್ಪಗಿದೆ. ಫೋಟೋನಾ?"

"ಹೂಂ."

"ಮಡಚಬಾರದು ಅಂತ ಬರೆಯೋಣ್ವಾ?"

"ಬರೀರಿ" ಎಂದಳು ಗಂಟಕ್ಕ. ಬರೆಯಬೇಕೆಂದರೆ ಬಿಡಲೇಬೇಕಲ್ಲ, ಬಿಟ್ಟಳು. ಅಂಚೆಯ ಹೆಂಗಸು ಕಿವಿಯ ಮೇಲಿನ ಪೆನ್ನು ತೆಗೆದು ಗೋಡೆಗಿಟ್ಟು ಬರೆದು, ಲಕೋಟೆಯನ್ನು ಮಿಕ್ಕ ಕಾಗದಗಳ ಮೇಲೆ ಇಟ್ಟು, ಚೀಲವನ್ನು ಹೆಗಲಿಗೇರಿಸಿಕೊಂಡು ಗಾಡಿಯ ಕಡೆ ನಡೆದರು.